ಬೀಗದ ಕೈ ಗೊಂಚಲಿನ ಸದ್ದು

ಮನೆಯಿಂದ,
ಮಂಗಳವಾರ, ತಾರೀಖು ಹದಿನೆಂಟು, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ದೊಡ್ಡ ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹಚ್ಚಿಕೊಳ್ಳುವ ಎಣ್ಣೆ ಮುಗಿದಿದ್ದರೆ ಹೇಳಿ, ಇಲ್ಲಿಂದ ಕಳಿಸುತ್ತೇನೆ. ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಿ. ಮೊದಲೇ ನುಂಗಿಬಿಟ್ಟು ಆಮೇಲೆ ಹೊಟ್ಟೆ ಉರಿಯುತ್ತದೆ ಅಂತ ನನ್ನ ಓರಗಿತ್ತಿಯ ಅಡುಗೆಯನ್ನು ಬೈಯಬೇಡಿ. ಪಾಪ, ಅವಳ ಕೈಯಲ್ಲಿ ಉಪ್ಪು ಸ್ವಲ್ಪ ಮುಂದು, ಅಷ್ಟೇ. ನೀವು ಚಿಕ್ಕವನ ಮನೆಗೆ ಹೋಗಿ ಮೂರು ತಿಂಗಳಾಯಿತು. ಪುಟ್ಟಿ ದಿನಾ ಸ್ಕೂಲಿನಿಂದ ಬಂದವಳೇ ನಿಮ್ಮ ಮಂಚದ ಮೇಲೆ ಬ್ಯಾಗ್ ಎಸೆದು "ಅಜ್ಜಿ ಯಾವಾಗ ಬರ್ತಾರೆ?" ಅನ್ನುತ್ತಾಳೆ. ನಾನೂ ಅದನ್ನೇ ಕೇಳಬೇಕು ಅಂದುಕೊಳ್ಳುತ್ತೇನೆ, ಬಾಯಿಬಿಟ್ಟು ಕೇಳುವಷ್ಟು ತ್ರಾಣ ಇಲ್ಲ. ಫೋನ್ ಬಿಟ್ಟು ಕಾಗದ ಯಾಕೆ ಅಂತ ನಿಮಗೆ ಗಾಬರಿಯಾಗಬಹುದು. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ. ಕೇಳಿಸಲಿ ಅಂತ ಚಿಕ್ಕವನು ಸ್ಪೀಕರ್ ಹಾಕುತ್ತಾನೆ, ಆಮೇಲೆ ನಮ್ಮ ಮನೆಯ ಮಾತು ನಿಮ್ಮ ಇಡೀ ಬೀದಿಗೆ. ಇದು ನೀವೊಬ್ಬರೇ ಕನ್ನಡಕ ಹಾಕಿಕೊಂಡು ಕೂತು ಓದಬೇಕಾದ ವಿಷಯ.

ನನ್ನ ಕೆಲಸದ ವಿಷಯ ಬಂದರೆ ನೀವು ಈಗಲೂ ನಗುತ್ತೀರಿ ಅಂತ ಗೊತ್ತು. ಎಸ್ಕೇಪ್ ರೂಮ್ ಅಂದರೆ ಏನು ಅಂತ ಮೊದಲ ದಿನ ಹೇಳಿದಾಗ, "ದುಡ್ಡು ಕೊಟ್ಟು ಕೂಡಿಹಾಕಿಸ್ಕೊಳ್ತಾರಾ? ನಮ್ಮ ಮನೆಗೆ ಕಳಿಸು, ನಾನು ಪುಕ್ಕಟೆ ಕೂಡಿಹಾಕ್ತೀನಿ" ಅಂದಿದ್ದಿರಿ. ಆದರೆ ಜನ ಬರುತ್ತಲೇ ಇದ್ದಾರೆ ಅತ್ತೆ. ಒಂದು ಗುಂಪು ಒಳಗೆ ಹೋಗಿ ಒಂದು ಗಂಟೆಯಲ್ಲಿ ಸುಳಿವುಗಳನ್ನೆಲ್ಲ ಹುಡುಕಿ, ಬೀಗಗಳನ್ನು ತೆಗೆದು, ಚಪ್ಪಾಳೆ ತಟ್ಟುತ್ತಾ ಹೊರಗೆ ಬರುತ್ತದೆ. ಅವರು ಹೋದ ಮೇಲೆ ನನ್ನ ಸರದಿ. ಪುಸ್ತಕದೊಳಗೆ ಚೀಟಿ, ಹೂದಾನಿಯೊಳಗೆ ಬೀಗದ ಕೈ, ನಂಬರ್ ಬೀಗದ ಅಂಕಿಗಳನ್ನು ಮತ್ತೆ ಸೊನ್ನೆಗೆ. ಹತ್ತು ನಿಮಿಷದೊಳಗೆ ಎಲ್ಲ ಮೊದಲಿನ ಹಾಗೆ ಇಟ್ಟು ಮುಗಿಸಬೇಕು, ಇನ್ನೊಂದು ಗುಂಪು ಬಾಗಿಲಲ್ಲೇ ನಿಂತಿರುತ್ತದೆ. ಎಲ್ಲ ಕೋಣೆಗಳೂ ಸೇರಿ ದಿನಕ್ಕೆ ಹನ್ನೊಂದು ಸಲ, ಹನ್ನೆರಡು ಸಲ. ಸಂಜೆ ಮನೆಗೆ ಬಂದರೆ ಪುಟ್ಟಿಯ ಚಪ್ಪಲಿ ಎತ್ತಿಡುವುದಕ್ಕೂ ಸೊಂಟ ಬಗ್ಗುವುದಿಲ್ಲ. ನಡುನಡುವೆ ಕ್ಯಾಮೆರಾದ ಮುಂದೆ ಕೂರಿಸುತ್ತಾರೆ, ಅದೊಂದೇ ವಿಶ್ರಾಂತಿ. ಅಲ್ಲಿ ಕೂತು ನೋಡಿ ನೋಡಿ ನನಗೊಂದು ತಿಳಿದಿದೆ. ಗಂಡ ಹೆಂಡತಿ ಇಬ್ಬರೇ ಆಡಲು ಬಂದರೆ ಇಪ್ಪತ್ತನೇ ನಿಮಿಷಕ್ಕೆ ಜಗಳ ಗ್ಯಾರಂಟಿ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಅವರಾಗಿ ಕೇಳುವ ತನಕ ಸುಳಿವು ಕೊಡುವಂತಿಲ್ಲ. ಕಣ್ಣೆದುರೇ ತಡಕಾಡುತ್ತಿದ್ದರೂ ನಾವು ಬಾಯಿ ಹೊಲಿದುಕೊಂಡು ಕೂರಬೇಕು.

ಹೋದ ತಿಂಗಳು ಹೊಸ ಕೋಣೆಯೊಂದು ತಯಾರಾಯಿತು. ಗಡಿಯಾರ ರಿಪೇರಿಯವನ ಅಂಗಡಿ ಅಂತ ಹೆಸರು. ಗೋಡೆ ತುಂಬ ನಲವತ್ತು ಹಳೇ ಗಡಿಯಾರ, ಮೂಲೆಯಲ್ಲಿ ಕಬ್ಬಿಣದ ಬೀರು, ಮೇಜಿನ ಮೇಲೆ ಹಸಿರು ತಲೆಯ ಒಂದೇ ಒಂದು ದೀಪ. ಉಳಿದದ್ದೆಲ್ಲ ಮಬ್ಬು. ಜನರಿಗೆ ತೆರೆಯುವ ಮೊದಲು ಮಾಮೂಲಿ ಜೋಡಿಯೊಂದು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಬರೆದುಕೊಳ್ಳಬೇಕಿತ್ತು. ನಮ್ಮ ಮೇಲ್ವಿಚಾರಕ, ನಾವೆಲ್ಲ ಹಿಂದಿನಿಂದ ಮೀಸೆ ಅಂತ ಕರೆಯುವವರು, "ನಿಮ್ಮ ಯಜಮಾನ್ರನ್ನೇ ಕರ್ಕೊಂಡ್ಬನ್ನಿ. ಅವರು ಹುಡುಕಲಿ, ನೀವು ಬಾಯಿ ಬಿಡಬಾರ್ದು" ಅಂದರು. ಇವರು ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಬೆಳಿಗ್ಗೆ ಎಂಟಕ್ಕೆ ಬಸ್ಸಿನ ಡ್ರೈವರ್ ಸೀಟು ಹತ್ತಿದರೆ ಸಂಜೆ ನಾಲ್ಕೂವರೆಗೆ ಇಳಿಯುವ ಮನುಷ್ಯ, ವಾರದ ರಜೆ ಅಂತ ಒಂದು ಇರುತ್ತದೆ ಅನ್ನುವುದೇ ಮರೆತುಹೋಗಿತ್ತು. ಹೋದ ವಾರ ಸೋಮವಾರ ಬಸ್ಸಿನ ಬ್ರೇಕಿಗೆ ಏನೋ ಆಗಿ ಗ್ಯಾರೇಜಿಗೆ ಹೋಯಿತು, ಇವರು ಹತ್ತು ಗಂಟೆಗೇ ಮನೆಗೆ ಬಂದು ಗೋಡೆಗೆ ಒರಗಿ ಕೂತರು. ನಾನು ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಆಕಳಿಸುತ್ತಲೇ ಬಂದರು. ನನಗೂ ನಿದ್ದೆಯೇ, ಆದರೂ ಎರಡು ವರ್ಷದಲ್ಲಿ ನಾವಿಬ್ಬರೇ ಒಟ್ಟಿಗೆ ಎಲ್ಲಿಗಾದರೂ ಹೊರಟಿದ್ದು ಅದೇ ಮೊದಲು ಅನ್ನುವ ಒಂದು ಚೂರು ಖುಷಿ ಇತ್ತು.

ಬಾಗಿಲು ಹಾಕಿಕೊಂಡಿತು. ಗೋಡೆಯ ಮೇಲೆ ಅರವತ್ತು ನಿಮಿಷದ ಲೆಕ್ಕ ಇಳಿಯಲು ಶುರುವಾಯಿತು. ಇವರು ಎರಡು ಹೆಜ್ಜೆ ಇಟ್ಟವರೇ ಸ್ಟೂಲಿಗೆ ಎಡವಿದರು. ನಾನು ನಕ್ಕೆ. ಇವರಿಗೆ ಢಿಕ್ಕಿ ಅಂತ ಅಡ್ಡಹೆಸರಿಟ್ಟವರು ನೀವೇ ತಾನೇ, "ಈ ಮನೇಲಿ ಅಪ್ಪ ಮಕ್ಕಳು ಮೂವರಿಗೂ ಕಾಲಿಗೆ ಕಣ್ಣಿಲ್ಲ" ಅಂತ ನೀವೇ ಗೊಣಗುತ್ತಿದ್ದದ್ದು ನೆನಪಾಯಿತು. ಮೊದಲ ಬೀಗದ ಕೈ ಎಲ್ಲಕ್ಕಿಂತ ಸುಲಭ. ಬಲಗಡೆ ಗೋಡೆಯಲ್ಲಿ ಒಂದು ಗಡಿಯಾರದ ಲೋಲಕಕ್ಕೆ ನೇತುಹಾಕಿದ್ದೇನೆ, ಹಿತ್ತಾಳೆಯದು, ಬೆರಳುದ್ದ ಇದೆ. ಇವರು ಆ ಗೋಡೆಯ ಮುಂದೆಯೇ ನಿಂತರು. ಬೀಗದ ಕೈ ಇವರ ಮುಖದಿಂದ ಒಂದು ಗೇಣು ಪಕ್ಕಕ್ಕೆ ಅಲ್ಲಾಡುತ್ತಿದೆ. ಇವರು ಗೋಡೆಯನ್ನು ಅಂಗೈಯಿಂದ ಸವರುತ್ತಾ ಈ ಕಡೆ ಹೋದರು, ಆ ಕಡೆ ಬಂದರು, ಮತ್ತೆ ಅಲ್ಲೇ ನಿಂತರು. ಹತ್ತು ನಿಮಿಷ ಹೋಯಿತು, ಹದಿನೈದು ಹೋಯಿತು. ಬೇಕೆಂದೇ ಮಾಡುತ್ತಿದ್ದಾರೆ, ಬಲವಂತವಾಗಿ ಕರೆತಂದದ್ದಕ್ಕೆ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಅಂತ ನನಗೆ ಪಿತ್ತ ನೆತ್ತಿಗೇರಿತು. ಕ್ಯಾಮೆರಾದ ಆ ಕಡೆ ಮೀಸೆ ಬೇರೆ ನೋಡುತ್ತಿದ್ದಾರೆ. ಇಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ನಾನೂ ಎಲ್ಲ ಹೆಂಡತಿಯರ ಹಾಗೆಯೇ ಬಾಯಿ ಬಿಟ್ಟೆ. "ರೀ, ಮೂಗಿನ ಮುಂದೇನೇ ಇದೆಯಲ್ರೀ!" ಅಂದೆ. ಇವರು ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ, "ಎಲ್ಲಿ?" ಅಂದರು.

ಆ ಒಂದು "ಎಲ್ಲಿ" ಕೇಳಿ ನನ್ನ ಕೋಪ ಅರ್ಧ ಇಳಿಯಿತು, ಯಾಕೆ ಅಂತ ಆಗ ತಿಳಿಯಲಿಲ್ಲ. ನನ್ನ ಸೊಂಟದಲ್ಲಿ ಆ ಕೋಣೆಗಳ ಬೀಗದ ಕೈಗಳ ಗೊಂಚಲು ಇರುತ್ತದಲ್ಲ, ನಡೆದರೆ ಝಣ ಝಣ ಅನ್ನುತ್ತದೆ. ನಾನು ಮೇಜಿನ ಕಡೆ ಹೋದರೆ ಇವರ ಮುಖ ಮೇಜಿನ ಕಡೆ, ಬೀರುವಿನ ಕಡೆ ಹೋದರೆ ಬೀರುವಿನ ಕಡೆ. ಏನನ್ನಿಸಿತೋ, ಗೊಂಚಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಸದ್ದಾಗದಂತೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಇವರು ನಾನು ಮೊದಲಿದ್ದ ಜಾಗವನ್ನೇ ನೋಡುತ್ತಾ, "ನೀನೇ ತೋರಿಸಿಬಿಡು ಮಾರಾಯ್ತಿ, ನನಗೆ ಸುಸ್ತಾಗಿದೆ" ಅಂತ ಬರೀ ಗಾಳಿಗೆ ಹೇಳಿದರು. ಅತ್ತೆ, ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡ, ಒಂದು ಮಾರು ದೂರದಲ್ಲಿ ನಿಂತಿದ್ದೇನೆ, ನಾನು ಅವರಿಗೆ ಕಾಣುತ್ತಿಲ್ಲ.

ಆಮೇಲೆ ನಾವು ಬೀಗ ಗೀಗ ಎಲ್ಲ ಬಿಟ್ಟು ನೆಲದ ಮೇಲೆ ಕೂತೆವು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷ ಅಂದರು. ಹಗಲಿನ ಬೆಳಕಿನಲ್ಲಿ ಚೆನ್ನಾಗೇ ಕಾಣುತ್ತದಂತೆ. ಬೆಳಕು ಕುಗ್ಗಿತೋ, ಎದುರಿಗೆ ಬಾವಿಯ ಬಾಯಷ್ಟು ಮಾತ್ರ ಕಾಣುತ್ತದೆ, ಪಕ್ಕದ್ದೆಲ್ಲ ಹೊಗೆಯಂತೆ. ಅದಕ್ಕೇ ಸಂಜೆಯ ಪಾಳಿಯನ್ನೆಲ್ಲ ಇನ್ನೊಬ್ಬ ಡ್ರೈವರಿಗೆ ಬಿಟ್ಟುಕೊಟ್ಟು, ಬದಲಿಗೆ ತಮ್ಮ ವಾರದ ರಜೆಗಳನ್ನೆಲ್ಲ ಅವನಿಗೆ ಕೊಟ್ಟಿದ್ದಾರೆ. ಎರಡು ವರ್ಷ ಒಂದು ದಿನವೂ ಬಿಡುವಿಲ್ಲದೆ ಓಡಿಸಿದ್ದಾರೆ. ನಾನೇನು ಅಂದುಕೊಂಡಿದ್ದೆ ಅಂತ ನಿಮಗೆ ಗೊತ್ತು. ಸಂಜೆ ಎಲ್ಲಿಗೆ ಕರೆದರೂ ಸುಸ್ತು ಅನ್ನುತ್ತಾರೆ, ರಜೆಯ ದಿನವೂ ಮನೆಯಲ್ಲಿರುವುದಿಲ್ಲ, ಇವರಿಗೆ ನಾನು ಬೇಡವಾಗಿದ್ದೇನೆ ಅಂತ ನಿಮ್ಮ ಮುಂದೆ ಕೂತು ಅತ್ತಿದ್ದೆನಲ್ಲ. ನೀವು ನನ್ನ ಪರ ನಿಂತು ಇವರನ್ನು ಬೈದಿರಿ. ತಲೆ ತಗ್ಗಿಸಿಕೊಂಡು ಬೈಸಿಕೊಂಡರು. ಹೋದ ತಿಂಗಳು ಬಿಸಿಲಿನಿಂದ ರೈಲು ಹಳಿಯ ಕೆಳಗಿನ ರಸ್ತೆಗೆ ಬಸ್ಸು ಇಳಿಸಿದಾಗ ಕಣ್ಣು ಪೂರಾ ಕಟ್ಟಿತಂತೆ. ಮುಂದಿನ ಸೀಟಿನವರು ಕಿರುಚಿದಾಗ ಬ್ರೇಕ್ ಒತ್ತಿದ್ದಾರೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಒಂದು ಮೊಳ ಮುಂದಿದ್ದಳಂತೆ. "ನಲವತ್ತು ಜನ ಇದ್ರು ಕಣೇ ಬಸ್ಸಲ್ಲಿ" ಅಂತ ಅದೊಂದೇ ಮಾತನ್ನು ಮೂರು ಸಲ ಹೇಳಿದರು. ನಾನು ಅವರ ಕೈ ಹಿಡಿದುಕೊಂಡೆ, ತಣ್ಣಗಿತ್ತು.

ಅಷ್ಟರಲ್ಲಿ ಸ್ಪೀಕರಿನಿಂದ ಮೀಸೆಯ ಗಂಟಲು: "ಏನು, ಇಬ್ಬರೂ ಕೂತೇಬಿಟ್ರಲ್ಲ, ಸುಳಿವು ಬೇಕಾ?" ಇವರಿಗೆ ನಗು ಬಂತು. ಕಣ್ಣು ಒರೆಸಿಕೊಂಡು, "ಬೇಕು ಸಾರ್" ಅಂದರು. ದಾರಿ ತಪ್ಪಿದರೂ ಯಾರನ್ನೂ ವಿಚಾರಿಸದ ನಿಮ್ಮ ಮಗ ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಬೇಕು ಅಂದದ್ದು ಅದು. ಬೀರು ತೆಗೆಯಲಿಲ್ಲ, ಹೊತ್ತು ಮುಗಿಯಿತು, ಬಾಗಿಲು ತಾನಾಗಿ ತೆರೆಯಿತು. ಜೋಡಿ ಎಲ್ಲಿ ಸಿಕ್ಕಿಕೊಂಡಿತು ಅನ್ನುವ ಕಡೆ ನಾನು "ದೀಪ ಸಾಲದು, ದೊಡ್ಡ ಬಲ್ಬ್ ಹಾಕಿ" ಅಂತ ಬರೆದುಕೊಟ್ಟೆ. ಮೀಸೆ ಏನೂ ಕೇಳದೆ ಬಲ್ಬ್ ಬದಲಾಯಿಸಿದರು.

ಮಾರನೇ ದಿನವೇ ಇವರು ಡಿಪೋಗೆ ಹೋಗಿ ತಾವಾಗಿಯೇ ವಿಷಯ ಹೇಳಿದರು. ನಾನು ಗೇಟಿನ ಹೊರಗೆ ನಿಂತಿದ್ದೆ. ಇಪ್ಪತ್ತು ನಿಮಿಷ ಬಿಟ್ಟು ಬರಿಗೈಯಲ್ಲಿ ಬಂದರು, ಇನ್ನು ಸ್ಟೀರಿಂಗ್ ಹಿಡಿಯುವಂತಿಲ್ಲ. ಈಗ ಬಸ್ಸುಗಳು ಬಂದು ಹೋಗುವ ಸಮಯ ಬರೆದುಕೊಳ್ಳುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಅಲ್ಲಿಂದಲೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಒಳಪರದೆ ಅಂಚಿನಿಂದ ಸವೆಯುತ್ತಾ ಬರುತ್ತಿದೆಯಂತೆ, ನಿಧಾನವಾಗಿ. ವಾಸಿ ಮಾಡುವ ಔಷಧ ತಮ್ಮ ಹತ್ತಿರ ಇಲ್ಲ, ಹುಷಾರಾಗಿದ್ದರೆ ಬಹಳ ವರ್ಷ ಹೀಗೇ ನಡೆಯಬಹುದು ಅಂದರು. ಆಮೇಲೆ ಕರೆದುಕೊಂಡು ಹೋದಾಗ ಪುಟ್ಟಿಯ ಕಣ್ಣನ್ನೂ ನೋಡಿದರು, ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು. ಮೊನ್ನೆ ಭಾನುವಾರ ಇವರು ಎರಡು ವರ್ಷಕ್ಕೆ ಮೊದಲ ರಜೆ ತೆಗೆದುಕೊಂಡು ಇಡೀ ದಿನ ಮಲಗಿದರು. ಗೊರಕೆಗೆ ಪುಟ್ಟಿ ಕಿವಿ ಮುಚ್ಚಿಕೊಂಡು ಓಡಾಡಿದಳು. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಾ, ಸುಸ್ತು ಅಂದರೆ ನಿಜವಾಗಿ ಸುಸ್ತೇ ಇತ್ತಲ್ಲ ಅಂದುಕೊಂಡೆ. ಅಳು ಬಂತು, ಅತ್ತೆ. ನೀವು ಅಳಬೇಡಿ. ಇವರು ಚೆನ್ನಾಗಿದ್ದಾರೆ, ಮನೆಯಲ್ಲಿ ನಾನು ಗೊಂಚಲು ಸಿಕ್ಕಿಸಿಕೊಂಡೇ ಓಡಾಡುತ್ತೇನೆ.

ನನ್ನ ಓರಗಿತ್ತಿಗೆ ಪ್ರೀತಿ ಹೇಳಿ, ಮಕ್ಕಳಿಗೆ ಮುತ್ತು. ಪುಟ್ಟಿ ನಿಮಗೆ ಅಂತ ಒಂದು ಬಸ್ಸಿನ ಚಿತ್ರ ಬರೆದಿದ್ದಾಳೆ, ಒಳಗಿಟ್ಟಿದ್ದೇನೆ. ಇವರೂ ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾರೆ. ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಈ ಸಲ ಇವರಿಗೆ ಒಂದು ಹಿಡಿ ಜಾಸ್ತಿ.

ನಿಮ್ಮ,
ದೊಡ್ಡ ಸೊಸೆ

ಮರೆತ ಮಾತು: ಮರೆತದ್ದಲ್ಲ ಅತ್ತೆ, ಬರೆಯಲು ಕೈ ಬರಲಿಲ್ಲ. ಈ ಕಾಗದವನ್ನು ಇವತ್ತೇ ನಿಮಗೆ ತಲುಪಿಸುವ ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದಾರೆ. ಇದು ತಂದೆಯಿಂದ ಮಕ್ಕಳಿಗೆ ಬರುವ ಕಾಯಿಲೆ ಅಂತ ಡಾಕ್ಟರು ಹೇಳಿದರು, ಮನೆಯಲ್ಲಿ ಇನ್ನಾರಿಗಿದೆ ಅಂತ ಕೇಳಿದರು. ಮಾವ ಬದುಕಿದ್ದಷ್ಟು ದಿನ ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಿದ್ದರಲ್ಲ, ಎಂಥ ಶಿಸ್ತು ಅಂತ ನಾವೆಲ್ಲ ಹೊಗಳುತ್ತಿದ್ದೆವಲ್ಲ, ಅದು ಶಿಸ್ತಾಗಿರಲಿಲ್ಲ ಅನ್ನಿಸುತ್ತದೆ. ಚಿಕ್ಕವನು ಸಂಜೆ ಮತ್ತೆ ನೀರಿನ ಬಕೆಟ್ಟಿಗೆ ಎಡವಿದ, ಥೇಟ್ ಅಪ್ಪನೇ ಅಂತ ಹೋದ ವಾರ ನೀವು ನಗುತ್ತಾ ಹೇಳಿದಿರಿ. ಅವನು ಓಡಿಸುವುದು ಲಾರಿ, ಗುರುವಾರ ಸಂಜೆ ಲೋಡು ಹೊರಡುತ್ತದೆ. ಇವರು ಫೋನ್ ಮಾಡಿ ಹೇಳಿದರೆ ನಕ್ಕು ಇಟ್ಟುಬಿಟ್ಟನಂತೆ. ನಾಳೆ ಮುಸ್ಸಂಜೆ ದೀಪ ಹಾಕುವ ಮೊದಲು ಮಾತಾಡದೆ, ಸದ್ದು ಮಾಡದೆ, ಅವನ ಪಕ್ಕಕ್ಕೆ ಒಂದು ಲೋಟ ನೀರು ಚಾಚಿ. ತೆಗೆದುಕೊಂಡರೂ ಡಾಕ್ಟರಿಗೆ ತೋರಿಸಿ. ಲೋಟ ಕಾಣದೆ ತೆಗೆದುಕೊಳ್ಳದಿದ್ದರೆ ಲಾರಿಯ ಕೀ ಬಚ್ಚಿಡಿ. ದಿಂಬಿನ ಕೆಳಗೆ ಬೇಡ, ಡಬ್ಬಿಯೊಳಗೆ ಬೇಡ, ಜನ ಮೊದಲು ಹುಡುಕುವುದೇ ಅಲ್ಲಿ. ನಿಮ್ಮ ಸೊಂಟಕ್ಕೇ ಸಿಕ್ಕಿಸಿಕೊಳ್ಳಿ, ಸದ್ದಾಗದ ಹಾಗೆ ಬಟ್ಟೆ ಸುತ್ತಿ. ಅವನು ಎಷ್ಟು ಕೂಗಾಡಿದರೂ ಕೊಡಬೇಡಿ.