ಚಪ್ಪಾಳೆಯ ಅಳತೆ

ಅಕ್ಕಾ,

ಇವತ್ತು ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ನೀನು ಸೂಜಿಗೆ ದಾರ ಪೋಣಿಸಲು ಹೊರಟಿದ್ದೆ. ಸೂಜಿ ಬಲಗೈಯಲ್ಲಿತ್ತು. ದಾರ ಮಡಿಲಲ್ಲೇ, ಅಲುಗಾಡದ ಎಡಗೈಯ ಕೆಳಗೆ ಬಿದ್ದಿತ್ತು. ಸ್ವಲ್ಪ ಹೊತ್ತು ಕಾದು ನನ್ನನ್ನೇ ಗದರಿದೆ: "ಲೇ ಗುಬ್ಬಿ, ಬೆಳಕಿಗೆ ಅಡ್ಡ ನಿಂತ್ರೆ ನಾನು ಹೇಗೆ ಪೋಣಿಸ್ಲಿ? ಸರಿ ಆ ಕಡೆ!"

ನಾನು ಸರಿದೆ.

ಪಾರ್ಶ್ವವಾಯು ಬಡಿದು ಎಡಗೈ ನಿಂತುಹೋಗಿದೆ. ನಿಂತಿದೆ ಎಂಬುದೇ ನಿನಗೆ ತಿಳಿಯುತ್ತಿಲ್ಲ. ಇದು ಹಟವಲ್ಲ, ನಿನ್ನ ಮೆದುಳಿಗೇ ಆ ಸುದ್ದಿ ತಲುಪುತ್ತಿಲ್ಲ ಎಂದರು ಆಸ್ಪತ್ರೆಯ ಮನಶ್ಶಾಸ್ತ್ರದ ಮೇಡಂ. ಜನಕ್ಕೆ ತಮ್ಮ ಬಗ್ಗೆ ತಮಗೆಷ್ಟು ಅರಿವಿದೆ ಎಂದು ಅಳೆಯುವುದೇ ಅವರ ಸಂಶೋಧನೆ. ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ನಿನ್ನ ಬಗ್ಗೆ ಒಂದೇ ಪ್ರಶ್ನೆಗಳನ್ನು ಕೇಳಿದರು. ಗಂಟು ಹಾಕಲು ಆಗುತ್ತದೆಯೇ? ಬಾಟಲಿಯ ಮುಚ್ಚಳ ತಿರುಗಿಸಲು? ನೀನು ಎಲ್ಲಕ್ಕೂ "ಓ, ಆರಾಮಾಗಿ" ಅಂದೆಯಂತೆ. ನಾನು ಎಲ್ಲಕ್ಕೂ ಇಲ್ಲ ಅಂದೆ. ನಮ್ಮ ಉತ್ತರಗಳ ನಡುವಿನ ಅಂತರವೇ ಅವರ ಅಳತೆ. ನಾನು ನಿಜ ಹೇಳಿದಷ್ಟೂ ಅವರ ಲೆಕ್ಕದಲ್ಲಿ ನಿನ್ನ ಅರಿವು ಕಡಿಮೆಯಾಗುತ್ತಾ ಹೋಯಿತು. ಬಟ್ಟೆ ಹೊಲಿಯಲು ಊರವರ ಹೆಗಲು, ಸೊಂಟ ಅಳೆದವಳು ನೀನು. ನಿನ್ನನ್ನು ಅಳೆಯುವ ಟೇಪಿನ ಒಂದು ತುದಿ ನನ್ನ ಕೈಗೆ ಬಂತಲ್ಲ.

ಆಮೇಲೆ ಚಪ್ಪಾಳೆ ತಟ್ಟಲು ಹೇಳಿ ವಿಡಿಯೊ ಮಾಡಿದರು. ನಿನ್ನ ಬಲಗೈ ಎದ್ದಿತು, ಗಾಳಿಯಲ್ಲಿ ಒಂಟಿಯಾಗಿ ಬೀಸಿ ನಿಂತಿತು. "ತಟ್ಟಿದ್ರಾ?" ಅಂದರು ಮೇಡಂ. "ಕೇಳಿಸ್ಲಿಲ್ವಾ? ಹಾಗಾದ್ರೆ ನಿಮ್ಮ ಕಿವಿ ಒಂದ್ಸಲ ತೋರಿಸ್ಕೊಳ್ಳಿ" ಅಂದೆ ನೀನು. ಮೇಡಂ, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಅವರ ಸಹಾಯಕರು, ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಹೇಳು.

ಆ ವಿಡಿಯೊವನ್ನು ನಿನಗೇ ತೋರಿಸೋಣವೇ ಎಂದು ಈಗ ನನ್ನನ್ನು ಕೇಳುತ್ತಿದ್ದಾರೆ. ನೋಡಿದರೆ ಕೆಲವರಿಗೆ ತಿಳಿಯುತ್ತದಂತೆ, ಎಲ್ಲರಿಗೂ ಅಲ್ಲ. ತಿಳಿಯದಿದ್ದರೆ ನೀನು ವ್ಯಾಯಾಮ ಮಾಡುವುದಿಲ್ಲ. "ಚೆನ್ನಾಗಿರೋ ಕೈಗೆ ಯಾಕೆ ಕಸರತ್ತು" ಅನ್ನುತ್ತೀಯ, ಕೈ ಇನ್ನಷ್ಟು ಸೆಟೆದುಕೊಳ್ಳುತ್ತದೆ. ತಿಳಿದರೆ, ಮುಂದಿನ ವಾರ ಹೊಲಿದು ಕೊಡ್ತೀನಿ ಎಂದು ನೀನು ಒಪ್ಪಿಕೊಂಡ ಬಟ್ಟೆಗಳ ರಾಶಿಯನ್ನು ಯಾವ ಕಣ್ಣಿನಿಂದ ನೋಡುತ್ತೀಯೋ. ನಾನು ಇಷ್ಟೆಲ್ಲ ಸಾಹಿತ್ಯ ಓದಿದೆ. ಅಕ್ಕನಿಗೆ ಅವಳದೇ ಕೈಯ ಸುದ್ದಿ ಹೇಳಲು ಒಂದು ವಾಕ್ಯವೂ ನನಗೆ ಸಿಗುತ್ತಿಲ್ಲ.

ಆಸ್ಪತ್ರೆಯ ಆ ಕೋಣೆಯಲ್ಲಿ, ಬರೆದುಕೊಳ್ಳುವವರ ಮುಂದೆ ತೋರಿಸುವುದು ಬೇಡ. ವಿಡಿಯೊವನ್ನು ಮನೆಗೆ ಕೇಳಿ ತರುತ್ತೇನೆ. ನಿನ್ನ ಹೊಲಿಗೆ ಯಂತ್ರದ ಹತ್ತಿರ, ಅದೇ ಕಿಟಕಿಯ ಪಕ್ಕ, ನಾನೇ ತೋರಿಸುತ್ತೇನೆ. ನಿನ್ನ ಎಡಕ್ಕೆ, ಆ ಕೈ ಹಿಡಿದುಕೊಂಡು ಕೂರುತ್ತೇನೆ. ಬೆಳಕಿಗೆ ಅಡ್ಡ ಬರುವುದಿಲ್ಲ.

ನಂಬದಿದ್ದರೆ ಬೈಯಿ. ನಂಬಿದರೂ ಬೈಯಿ. ನಿನ್ನ ಬಾಯಿ ಮಾತ್ರ ಎಂದಿಗೂ ಹೀಗೇ ಜೋರಾಗಿರಲಿ.

ನಿನ್ನ
ಗುಬ್ಬಿ