ನಡುವೆ ಬೀಳದ ಪೆಟ್ಟು

ಆಸ್ಪತ್ರೆಯ ವರಾಂಡ
ಮಂಗಳವಾರ ಮಧ್ಯಾಹ್ನ

ನನ್ನ ಮಗಳ ಅಪ್ಪನವರಿಗೆ,

ಬೇರೆ ಏನೆಂದು ಕರೆಯಬೇಕೋ ತೋಚಲಿಲ್ಲ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ; ಕಾಗದವನ್ನಾದರೂ ಹರಿಯುವ ಮುನ್ನ ಓದಿ.

ನಿನ್ನೆ ಮಗಳು ಶಾಲೆಯ ಮೆಟ್ಟಿಲ ಮೇಲೆ ಮತ್ತೆ ಬಿದ್ದಳು. ಹಣೆ ಒಡೆದಿದೆ. ಅವಳ ಎದೆ ಆಗಾಗ ಬಡಿಯುವುದನ್ನೇ ಮರೆಯುತ್ತದಂತೆ, ಅದಕ್ಕೇ ಪ್ರಜ್ಞೆ ತಪ್ಪುತ್ತದಂತೆ. ಡಾಕ್ಟರಮ್ಮ ಅದನ್ನು ಸಿಂಕಪಿ ಎಂದರು. ನಿಮ್ಮ ಮಗಳಲ್ಲವೇ, ಬ್ಯಾಂಡೇಜಿನಡಿಯಿಂದಲೇ ನಕ್ಕು, "ನಮ್ಮಪ್ಪ ಡ್ರಮ್ಸ್‌ನಲ್ಲಿ ಹೊಡೆಯೋದೂ ಅದೇ ಅಲ್ವಾ, ಸಿಂಕಪೇಶನ್ನು?" ಎಂದಳು. ನಾನು ಮಾಡುವ ಕನ್ನಡ ಪಾಠದಲ್ಲೂ ಅದಿದೆ ನೋಡಿ. "ಬರುತ್ತೇನೆ" ಎಂಬುದು ಬಾಯಲ್ಲಿ "ಬರ್ತೀನಿ" ಆಗುವಾಗ ನಡುವಿನ ಉಕಾರ ಬಿದ್ದುಹೋಗುತ್ತದಲ್ಲ, ಅದಕ್ಕೂ ಭಾಷಾಶಾಸ್ತ್ರದವರು ಇಟ್ಟ ಹೆಸರು ಸಿಂಕಪಿಯೇ. ನಾನು ಸ್ವರ ನುಂಗಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ನೀವು ಬೀಳಬೇಕಾದ ಪೆಟ್ಟನ್ನು ತಡೆದು ಆಮೇಲೆ ಹೊಡೆದರೆ ಜನ ಎದ್ದು ಕುಣಿಯುತ್ತಾರೆ. ಇವಳ ಎದೆ ಒಂದು ಪೆಟ್ಟು ತಡೆದರೆ ಇವಳೇ ನೆಲಕ್ಕೆ ಬೀಳುತ್ತಾಳೆ.

ತಂದೆಯ ಕಡೆ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ನೀವು ವೇದಿಕೆಯ ಮೇಲೆ ಡ್ರಮ್ಮಿಗೆ ಹಣೆ ಊರಿ ಕುಸಿದದ್ದನ್ನು ಹೇಳಿಬಿಟ್ಟೆ. ಜನ ಅದನ್ನೂ ಕಲೆ ಎಂದುಕೊಂಡು ಚಪ್ಪಾಳೆ ಹೊಡೆದರು. ನೀವೂ ಎದ್ದು ಕೈಮುಗಿದಿರಿ. "ಯಾರ ಹತ್ರಾನೂ ಬಾಯಿ ಬಿಡ್ಬೇಡ, ಆಮೇಲೆ ಯಾರೂ ಪ್ರೋಗ್ರಾಂಗೆ ಕರೆಯಲ್ಲ" ಎಂದು ಆಣೆ ಮಾಡಿಸಿಕೊಂಡಿರಿ. ಆ ಆಣೆ ಇವತ್ತು ಮುರಿದೆ. ಆದರೆ ನನ್ನ ಮಾತೊಂದೇ ಸಾಲದಂತೆ. ನಿಮ್ಮ ಹೃದಯವನ್ನೂ ಪರೀಕ್ಷಿಸಿದರೆ ಇದು ವಂಶದ್ದೋ ಅಲ್ಲವೋ ತಿಳಿದು ಸರಿಯಾದ ಚಿಕಿತ್ಸೆ ಆರಿಸಬಹುದಂತೆ. ಗುರುವಾರದೊಳಗೆ ಬರಬೇಕು.

ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಗೊತ್ತು. ಪರೀಕ್ಷೆ ಮಾಡಿ ನಿಮ್ಮ ಎದೆಯೊಳಗೂ ಪೇಸ್‌ಮೇಕರ್ ಯಂತ್ರ ಇಟ್ಟುಬಿಟ್ಟರೆ ಕೈಯ ತಾಳ ಕೆಟ್ಟೀತು ಎಂಬ ಭಯವೂ ಗೊತ್ತು. ಹಾಳಾಗಿ ಹೋಗಲಿ ತಾಳ! ಕಾಲು ಹಿಡಿಯಬೇಕೇ? ಹಿಡಿಯುತ್ತೇನೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ನೀವಿರುವಷ್ಟು ಹೊತ್ತು ಕ್ಯಾಂಟೀನಿನಲ್ಲಿ ಕೂತಿರುತ್ತೇನೆ. ಬನ್ನಿ ಅಷ್ಟೇ.

ಇಂತಿ,
ನಿಮ್ಮವಳಾಗಿದ್ದವಳು

ತಾ.ಕ.: ನಾನು ಮನೆ ಬಿಟ್ಟದ್ದು ನೀವು ತಿಳಿದಂತೆ ಸಿಟ್ಟಿನಿಂದಲ್ಲ. ನಿಮ್ಮ ಎದೆಯ ಮೇಲೆ ತಲೆಯಿಟ್ಟು ಮಲಗಿದಾಗ ನಡುವೆ ಒಂದು ಪೆಟ್ಟು ಬೀಳುತ್ತಿರಲಿಲ್ಲ. ಮುಂದಿನದು ಬರುವವರೆಗೆ ಉಸಿರು ಬಿಗಿಹಿಡಿದು ಕಾಯುವುದು ನನ್ನಿಂದಾಗಲಿಲ್ಲ, ಓಡಿಬಂದೆ. ಈಗ ಮಗಳ ಎದೆಗೆ ಕಿವಿಯಿಟ್ಟು ಕೂರುತ್ತೇನೆ. ಇಲ್ಲಿಂದ ಎಲ್ಲಿಗೆ ಓಡಲಿ?