ಸೋಫಾ ಬೀಳಲಿಲ್ಲ

ಶುಕ್ರವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಇವತ್ತು ಬೆಳಿಗ್ಗೆ ನಮ್ಮ ದಡಿಯ ಹೀರೋ ಶೂಟಿಂಗ್ ಮನೆಯ ಬಾಗಿಲಲ್ಲೇ ಬೂಟು ಬಿಚ್ಚಿ, ಎರಡನ್ನೂ ಗೋಡೆಗೆ ಒತ್ತಿ ಜೋಡಿಸಿಟ್ಟು, ಹೊಟ್ಟೆ ಒಳಗೆಳೆದುಕೊಂಡು ನಡೆದು ಬಂದ. ಕಾರಣ ಇಷ್ಟೇ, ಮನೆಯ ಓನರ್ ಆಂಟಿ ಅಲ್ಲಿ ನಿಂತಿದ್ದರು. ಈ ಸಿನಿಮಾದ ಮೊದಲ ಭಾಗದಲ್ಲಿ ಹೋಟೆಲಿನ ಊಟದ ಮೇಜಿನ ಮೇಲೆ ಬೈಕ್ ಓಡಿಸಿದ ಪುಣ್ಯಾತ್ಮ ಇವನೇ. ಅದನ್ನು ನೋಡಿ ನೀನು ಇಂಟರ್ವಲ್‌ಗೇ ಎದ್ದು ಬಂದಿದ್ದೆ.

ಮಾವ ಹೇಳಿಟ್ಟಿರುವ ಕಾಲೇಜಿನ ಕೆಲಸಕ್ಕೆ ಒಂದನೇ ತಾರೀಕು ಸೇರುತ್ತೀಯೋ, ಈ ಪೋಲಿ ಸಿನಿಮಾದಲ್ಲೇ ಇರುತ್ತೀಯೋ ಎಂದು ಕೇಳಿದ್ದೀಯಲ್ಲ, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಎರಡನೇ ಭಾಗದಲ್ಲೂ ಅದೇ ನಾಲ್ವರು ಗೆಳೆಯರು. ರಜೆಗೆಂದು ದೊಡ್ಡ ಊರಿಗೆ ಬಂದು, ನಾಲ್ಕನೇ ಮಹಡಿಯ ಮನೆಯೊಂದನ್ನು ಒಬ್ಬ ಆಂಟಿಯಿಂದ ಬಾಡಿಗೆಗೆ ಹಿಡಿದು ಪುಡಿಪುಡಿ ಮಾಡುತ್ತಾರೆ. ಯಾರ ಕೈಯಲ್ಲಿ ಲೋಟ ಇತ್ತು, ಯಾರ ಅಂಗಿಯ ಗುಂಡಿ ಬಿಚ್ಚಿತ್ತು ಎಂದು ನೋಡಿಟ್ಟುಕೊಂಡು ಮುಂದಿನ ಶಾಟ್‌ನಲ್ಲೂ ಹಾಗೇ ಇರುವಂತೆ ಕಾಯುವುದು ನನ್ನ ಕೆಲಸ. ಮಾತು ಬೇಕಿಲ್ಲ, ನನಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ನೋಡುತ್ತ ಕೂತವಳಿಗೆ ಬೇರೆಯದೂ ಕಾಣುತ್ತದೆ. ಟೇಕ್ ನಡೆಯುವಾಗ ಯಾರೂ ನಗುವಂತಿಲ್ಲ, ದನಿ ರೆಕಾರ್ಡ್ ಆಗಿಬಿಡುತ್ತದೆ. ಮೊದಲ ಭಾಗದಲ್ಲಿ ಲೈಟಿನವರು ನಗು ತಡೆಯಲು ಹೆಗಲ ಮೇಲಿನ ಟವೆಲ್ ಬಾಯಿಗೆ ತುರುಕಿಕೊಳ್ಳುತ್ತಿದ್ದರಂತೆ. ಈ ಸಲ ಟಿವಿ ಒಡೆದರೂ ಫ್ರಿಜ್ ಮಗುಚಿದರೂ ಎಲ್ಲರೂ ಬ್ಯಾಂಕಿನ ಸಾಲಿನಲ್ಲಿ ನಿಂತವರ ಹಾಗೆ ನಿಂತಿದ್ದರು.

ಇವತ್ತು ಬಾಲ್ಕನಿಯಿಂದ ಸೋಫಾ ಎಸೆಯುವ ಸೀನು. ರಿಹರ್ಸಲ್ ಮುಗಿದ ಮೇಲೆ ಡೈರೆಕ್ಟರ್ ಸುಮ್ಮನೆ ನನ್ನ ಕಡೆ ತಿರುಗಿ, "ಏನಮ್ಮ ಎಂ.ಎ., ಹೇಗಿತ್ತು?" ಅಂದರು. ಅವರಿಗೆ ಉತ್ತರ ಬೇಕಿರಲಿಲ್ಲ. ನಾನು ಕೊಟ್ಟೆ. ಯಾರೂ ನಗು ತಡ್ಕೊಳ್ತಿಲ್ಲ ಸರ್ ಅಂದೆ. "ಒಳ್ಳೇದೇ ಅಲ್ವಾ? ಸೌಂಡ್ ಹಾಳಾಗಲ್ಲ" ಅಂದರು. "ತಡ್ಕೊಳ್ಳೋಕೆ ಮೊದಲು ನಗು ಬರಬೇಕಲ್ಲ ಸರ್."

ಹೀರೋ, "ಸೀನೇ ಬಿತ್ತು ನೋಡಿ, ಸೋಫಾಗಿಂತ ಮೊದಲೇ" ಅಂದ.

"ಹಾಗಾದ್ರೆ ನೀನೇ ನಗಿಸು. ಆಗದಿದ್ರೆ ಸಂಜೆಗೇ ಗಂಟುಮೂಟೆ ಕಟ್ಟು" ಎಂದು ಡೈರೆಕ್ಟರ್ ನನ್ನ ಮೇಲೆ ಗುಡುಗಿದರು.

ನನ್ನ ಮಾತು ತೊದಲಲಿಲ್ಲಮ್ಮ. ಬೂಟಿನ ವಿಷಯ ಹೇಳಿದೆ. ಈ ನಾಲ್ವರು ಊರಿಗೆಲ್ಲ ಪುಂಡರು, ಓನರ್ ಆಂಟಿಯ ಮುಂದೆ ಬೆಕ್ಕಿನ ಮರಿಗಳು. ಸೋಫಾ ಬೀಳುವುದೇ ಬೇಡ. ಬಾಲ್ಕನಿಯ ಆಚೆ ಅರ್ಧ ನೇತಾಡುತ್ತಿರುವಾಗ ಆಂಟಿ ಬರಲಿ ಅಂದೆ.

ಹಾಗೇ ತೆಗೆದರು. ಆಂಟಿಯ ಪಾತ್ರದ ನಟಿ ಒಳಗೆ ಬಂದರು. ಹೀರೋ ವಿನಯದಿಂದ ಹಿಂದೆ ಕೈ ಕಟ್ಟಿದವನಂತೆ ಸೋಫಾದ ಕಾಲು ಹಿಡಿದು ನಿಂತು, "ಮಂಡಿ ನೋವು ಹೇಗಿದೆ ಆಂಟಿ?" ಎಂದು ಕೇಳುತ್ತಲೇ ಅದರ ಭಾರಕ್ಕೆ ಇಂಚಿಂಚಾಗಿ ಹಿಂದಕ್ಕೆ ಜಾರುತ್ತಿದ್ದ. ಆಕೆ, "ಇರಪ್ಪ, ಕೂತ್ಕೊಂಡು ಹೇಳ್ತೀನಿ" ಎಂದು ಸೋಫಾ ಹುಡುಕತೊಡಗಿದರು.

ಅಷ್ಟೇ. ಹುಟ್ಟಿದಾಗಿನಿಂದ ನಕ್ಕೇ ಇಲ್ಲವೇನೋ ಅನ್ನಿಸುವ ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತಿಟ್ಟು ಹೊಟ್ಟೆ ಹಿಡಿದುಕೊಂಡರು. ಟೇಕ್ ಹಾಳು. ಡೈರೆಕ್ಟರ್ ಬೈಯಲಿಲ್ಲ. "ಇನ್ನೊಂದ್ ಸಲ. ತಡ್ಕೊಳ್ಳೋಕಾಗದವರು ಹೊರಗೆ ಹೋಗಿ" ಅಂದರು. ಎಲ್ಲರಿಗಿಂತ ಮೊದಲು ಹೊರಗೆ ಹೋದವರು ಅವರೇ.

ನಾಳೆಯಿಂದ ಸೀನ್ ಬರೆಯುವಾಗ ನಾನೂ ಪಕ್ಕದಲ್ಲಿ ಕೂರಬೇಕಂತೆ. ಕಾಲೇಜಿನ ವಿಷಯ ನಿಧಾನವಾಗಿ ಯೋಚಿಸಿ ಹೇಳುತ್ತೇನೆ. ಸದ್ಯಕ್ಕೆ ಮಾವನಿಗೆ ಏನೂ ಹೇಳಬೇಡ.

ಇಂತಿ,
ಬಾಯಿಸತ್ತವಳೆಂದು ನೀನು ಕೊರಗುವ
ನಿನ್ನ ಮಗಳು

ತಾ.ಕ.: ಯೋಚಿಸುವುದೇನೂ ಉಳಿದಿಲ್ಲ, ಅಮ್ಮ. ಬರುವುದಿಲ್ಲ ಎಂದು ಕಾಲೇಜಿಗೆ ಮೊನ್ನೆಯೇ ಬರೆದು ಹಾಕಿದ್ದೇನೆ. ಆಗಿನ್ನೂ ಇಲ್ಲಿ ಒಬ್ಬರೂ ನಕ್ಕಿರಲಿಲ್ಲ.